ಮೊದಲು ಕೈ ಎತ್ತಿದವನು

ತಾಂಬಾದಲ್ಲಿ ನಿವೃತ್ತ ಹವಾಲ್ದಾರ ಮಾಳಿಂಗಪ್ಪನ ಪರಾಕ್ರಮ ಗೊತ್ತಿಲ್ಲದವರಿಲ್ಲ. ಉತ್ತರದ ಗಡಿಯಲ್ಲಿ ಆಚೆಯವರ ಗಸ್ತು ಎದುರಾದಾಗ ಬರಿಗೈಯಲ್ಲೇ ಒಬ್ಬನನ್ನು ಕೆಡವಿದನೆಂದು ಊರವರು ಹಾರ ಹಾಕಿ ಮೆರವಣಿಗೆ ಮಾಡಿದ್ದರು. ಹೆಂಡತಿ ರೇವವ್ವ ಬೀಗರ ಮನೆಯಲ್ಲೂ ಅದನ್ನೇ ಹೇಳುತ್ತಾಳೆ. ಆ ಮಾತು ಬಂದರೆ ಮಾಳಿಂಗಪ್ಪ ಮಾತ್ರ ಕುರಿ ನೋಡುವ ನೆಪ ತೆಗೆದು ಎದ್ದುಬಿಡುತ್ತಾನೆ. ಜನ ಅದನ್ನು ವಿನಯ ಅಂದುಕೊಂಡಿದ್ದಾರೆ, ಪಾಪ.

ಈಗ ಅದೇ ಗಡಿಯಲ್ಲಿ ಮಗ ಅರುಣಕುಮಾರನಿದ್ದಾನೆ. ನಾಲ್ಕು ದಿನದಿಂದ ಫೋನಿಲ್ಲ. ಮಾಳಿಂಗಪ್ಪನಿಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಚಹಾದಂಗಡಿಗೆ ಹೋದರೆ ಗೊಬ್ಬರದಂಗಡಿಯ ರಾಚಪ್ಪ ಅಲ್ಲೇ ಯುದ್ಧ ಹೂಡಿ ಕೂತಿದ್ದ.

“ಅವ್ರು ದಿನಾ ಬೆಳ್ಯಾಕತ್ತಾರ. ಹೊಡದ್ರ ಈಗ ಹೊಡೀಬೇಕ್ರಿ, ಆಮ್ಯಾಲ ಆಗಂಗಿಲ್ಲ.”

“ಹೊಡ್ಯಾಂವ ಯಾರು, ನೀ ಹೋಗ್ತೀಯೇನು?” ಎಂದು ರೇಗಿ, ಚಹಾ ಅರ್ಧಕ್ಕೇ ಬಿಟ್ಟು ಮಾಳಿಂಗಪ್ಪ ಮನೆಗೆ ಬಂದ.

ಮಧ್ಯಾಹ್ನ ಫೋನು ಬಂತು.

“ಅಪ್ಪಾ, ನಮ್ಮ ಠಾಣೆ ಮೂವತ್ತು ವರ್ಷದ್ದು. ಹೋದ ವರ್ಷ ಅವ್ರದು ಒಂದ ಡೇರೆ ಇತ್ತು. ಈಗ ರಸ್ತಾ ಮಾಡ್ಯಾರ, ನಮ್ಮ ಎರಡಪಟ್ಟು ಮಂದಿ ಆಗ್ಯಾರ. ನಾಳೆ ಹನ್ನೆರಡು ಮಂದಿ ಗಸ್ತಿಗೆ ಹೊಂಟೇವಿ, ನಾನ ಮುಂದ. ನಿನ್ನ ಮಗಾ ನಾನು, ಮೊದಲ ಕೈ ನಾನ ಎತ್ತತೇನಿ.”

ಪಕ್ಕದಲ್ಲೇ ರೇವವ್ವ ಜೋಳ ಹಸನು ಮಾಡುತ್ತಿದ್ದಳು. ಅವಳ ಮುಂದೆ ಹೇಳುವುದೋ ಬೇಡವೋ ಎಂದು ಮಾಳಿಂಗಪ್ಪ ಅವಳ ಕಡೆ ಒಮ್ಮೆ ನೋಡಿದ. ಆದರೆ ಮಗ ನಾಳೆ ಹೊರಡುವವ.

“ಎತ್ತಬ್ಯಾಡ! ಅವತ್ತ ಅವ್ರು ಸುಮ್ಮನ ನಿಂತಿದ್ರು. ಇನ್ನ ತಡದ್ರ ಜೋರಾಗ್ತಾರ ಅಂತ ನನಗ ಅಂಜಿಕಿ ಬಂತು, ಅವ್ರೊಳಗ ಒಬ್ಬನ್ನ ನಾನ ಮೊದಲ ನೂಕಿದೆ. ಆ ಗದ್ದಲದಾಗ ನನ್ನ ಜೋಡಿ ಗಸ್ತಿಗಿದ್ದ ಹಲಸಂಗಿ ಸಂಗಮೇಶ ಕೊಳ್ಳಕ್ಕ ಬಿದ್ದ ಸತ್ತ. ಅವ್ರು ಕೊಂದಿಲ್ಲೋ, ನನ್ನ ಅಂಜಿಕಿ ಕೊಂದೈತಿ. ನೀ ಹಿಂದ ಸರೀಬ್ಯಾಡ, ಮುಂದ ನೂಕಬ್ಯಾಡ. ದಿನಾ ಹೋಗಿ ನಿಲ್ಲು. ನೀವೂ ರಸ್ತಾ ಮಾಡ್ರಿ. ಮಾತಾಡ್ತೇವಿ ಅಂದ್ರ ಮಾತಾಡ್ರಿ…”

ಫೋನು ಯಾವಾಗಲೋ ಕಡಿದುಹೋಗಿತ್ತು. ಮಗ ಎಷ್ಟು ಕೇಳಿದನೋ ತಿಳಿಯಲಿಲ್ಲ. ರೇವವ್ವ ಪೂರ್ತಿ ಕೇಳಿದ್ದಳು. ಸಂಗಮೇಶನ ಹೆಂಡತಿ ದಾನೇಶ್ವರಿ ಇವರಿಬ್ಬರಿಗೂ ತಂಗಿಯಂಥವಳು. ತನ್ನ ಗಂಡನನ್ನು ಕೊಂದ ಆಚೆಯವರ ಮೇಲೆ ಸೇಡು ತೀರಿಸಿಕೊಂಡ ಅಣ್ಣನೆಂದೇ ಅವಳು ಮಾಳಿಂಗಪ್ಪನನ್ನು ನಂಬಿದ್ದಳು.

ಎರಡು ದಿನ ರೇವವ್ವ ರೊಟ್ಟಿಯ ತಾಟು ಅವನ ಮುಂದಿಟ್ಟು ಹೊರಗೆ ಹೋಗಿಬಿಡುತ್ತಿದ್ದಳು. ಮಾಳಿಂಗಪ್ಪ ಅಂಗಳಕ್ಕೂ ಬಾಗಿಲಿಗೂ ತಿರುಗಿ ತಿರುಗಿ ಸಾಕಾದ. ಮೂರನೆಯ ಬೆಳಿಗ್ಗೆ ಮಗನ ದನಿ ಕೇಳಿಸಿತು.

“ನಾವೂ ಸರೀಲಿಲ್ಲ, ಅವ್ರೂ ಸರೀಲಿಲ್ಲ. ಹನ್ನೆರಡೂ ಮಂದಿ ವಾಪಸ್ ಬಂದೇವಪ್ಪಾ.”

ಮಾಳಿಂಗಪ್ಪ ಕಟ್ಟೆಯ ಮೇಲೆ ಕೂತು ಗಳಗಳ ಅತ್ತ. ರೇವವ್ವ ಅವನ ಅಂಗಿ ತಂದು ಮುಂದೆ ಹಿಡಿದಳು.

“ಏಳ್ರಿ. ಹಲಸಂಗಿಗೆ ಹೋಗೂಣು. ದಾನೇಶ್ವರಿಗೆ ನೀವ ಹೇಳ್ರಿ.”