ಮೋಟರು ಕಾಲು ಕಟ್ಟುವ ಹೊಂಬಾಳಮ್ಮ

ಬೆಳಗ್ಗೆ ಆರೂಕಾಲು. ಮಳವಳ್ಳಿಯ ಹಳೆಯ ಛತ್ರವೊಂದರಲ್ಲಿ ನಡೆಯುವ ಮಕ್ಕಳ ಚಿಕಿತ್ಸಾ ಕೇಂದ್ರದ ಬಾಗಿಲು ಈಗಷ್ಟೇ ತೆರೆದಿದೆ. ಹೊಂಬಾಳಮ್ಮ ನೆಲದ ಮೇಲೆ ಕೂತು ಒಂದು ಜೊತೆ ಕಾಲು ಒರೆಸುತ್ತಿದ್ದಾರೆ. ಸೊಂಟಕ್ಕೆ, ಮಂಡಿಗೆ ಪುಟ್ಟ ಮೋಟರು, ಬೆನ್ನಿಗೆ ಬ್ಯಾಟರಿ ಇರುವ ಲೋಹದ ಕಾಲುಗಳವು. ಸ್ವಂತ ಕಾಲು ಬಿಗಿದುಕೊಂಡು ಹೆಜ್ಜೆ ಎತ್ತಲಾಗದ ಮಕ್ಕಳಿಗೆ ಇದನ್ನು ಕಟ್ಟಿದರೆ ಯಂತ್ರವೇ ಕಾಲೆತ್ತಿ ಮುಂದಿಡುತ್ತದೆ. ಕಂಪನಿಯವರು ಏನೇನೋ ದೊಡ್ಡ ಹೆಸರು ಇಟ್ಟಿದ್ದಾರೆ. ಇಲ್ಲಿ ಎಲ್ಲರ ಬಾಯಲ್ಲೂ ಅದು ಮೋಟರು ಕಾಲು.

"ಬೆವ್ರು ಉಳ್ಕಂಡ್ರೆ ಬೆಲ್ಟು ವಾಸ್ನೆ ಬತ್ತದೆ ಸಾ. ಮಕ್ಕಳ ಮೈ ಮುಟ್ಟೋ ವಸ್ತು, ಕೊಳಕಾಗಿರಬಾರ್ದು," ಎನ್ನುತ್ತಾರೆ, ಅವರ ಕೆಲಸ ನೋಡಲು ಬಂದ ನನಗೆ.

ಐವತ್ತೆರಡರ ಹೊಂಬಾಳಮ್ಮ ಕಾಗದದ ಮೇಲೆ ಬರೀ ಆಯಾ. ಮೊದಲು ಇದೇ ಊರಿನಲ್ಲಿ ರವಿಕೆ ಹೊಲಿಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಕಸ ಗುಡಿಸಲು ಬಂದವರ ಕೈಗೆ ಟೇಪು ಕೊಟ್ಟವರು ಕೇಂದ್ರದ ಫಿಸಿಯೋಥೆರಪಿಸ್ಟ್ ಸಿದ್ದೇಶ್. ಇವರಷ್ಟು ಚೆನ್ನಾಗಿ ಅಳತೆ ಹಿಡಿಯಲು ಬೇರೆ ಯಾರಿಗೂ ಬರುತ್ತಿರಲಿಲ್ಲ. ದಿನಕ್ಕೆ ಒಂಬತ್ತು ಮಕ್ಕಳು, ಒಬ್ಬರಿಗೆ ಹನ್ನೊಂದು ಬೆಲ್ಟು. ಕಟ್ಟುವುದು ತೊಂಬತ್ತೊಂಬತ್ತು ಸಲ, ಬಿಚ್ಚುವುದೂ ಅಷ್ಟೇ ಸಲ. ಬೆರಳ ಗೆಣ್ಣುಗಳು ಊದಿಕೊಂಡಿವೆ. ಯಂತ್ರ ಬಂದ ದಿನ ಹಾರ ಹಾಕಿಸಿಕೊಂಡು ಫೋಟೊಗೆ ನಿಂತವರಲ್ಲಿ ಒಬ್ಬರೂ ಒಂದು ಬೆಲ್ಟು ಕಟ್ಟಿ ನೋಡಿದವರಲ್ಲ ಬಿಡಿ.

ಯಂತ್ರಕ್ಕೊಂದು ಮಿತಿಯಿದೆ. ಮಂಡಿಯಿಂದ ಹಿಮ್ಮಡಿಯವರೆಗೆ ಮೂವತ್ತೆಂಟು ಸೆಂಟಿಮೀಟರ್ ದಾಟಿದ ಕಾಲಿಗೆ ಅದು ಹೊಂದುವುದಿಲ್ಲ. ಮೋಟರು ಮಂಡಿಯ ನೇರಕ್ಕೆ ಕೂರದೆ ಬೆಲ್ಟು ಮೂಳೆಗೆ ಉಜ್ಜುತ್ತದೆ. ದೊಡ್ಡ ಅಳತೆಯದ್ದು ಬೇಕೆಂದು ಕಂಪನಿಗೆ ಪತ್ರ ಬರೆದು ವರ್ಷವಾಯಿತು, ಉತ್ತರವಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ಪ್ರತಿ ಮಗುವಿನ ಕಾಲಿಗೂ ಟೇಪು ಹಿಡಿಯಬೇಕು.

"ಮಕ್ಕಳು ಬೆಳೀಲಿ ಅಂತ ಲೋಕವೆಲ್ಲ ಬೇಡ್ಕತದೆ. ನಾನು ಬೆಳೀದೆ ಇರ್ಲಿ ದ್ಯಾವ್ರೇ ಅಂತೀನಿ. ಪಾಪಿ ಕಣ್ ಸಾ ನಾನು."

ಹಾಗೆ ಬೇಡಿಕೊಂಡದ್ದು ಹೆಚ್ಚಾಗಿ ಪ್ರಿಯಾಂಕಳಿಗಾಗಿ. ಕಿರುಗಾವಲಿನ ಹದಿಮೂರರ ಹುಡುಗಿ. ತಾಯಿ ನಾಗರತ್ನ ಎತ್ತಿಕೊಂಡೇ ಬಸ್ಸು ಹತ್ತಿಸುತ್ತಾರೆ. ಹನ್ನೊಂದು ತಿಂಗಳ ಅಭ್ಯಾಸದಲ್ಲಿ ಅವಳು ಪಡಸಾಲೆಯ ಈ ತುದಿಯಿಂದ ಆ ತುದಿಗೆ ನಡೆಯುವಂತಾಗಿದ್ದಳು. ಫೆಬ್ರವರಿಯಲ್ಲಿ ಟೇಪು ಮೂವತ್ತೊಂಬತ್ತು ತೋರಿಸಿತು. ಹೊಂಬಾಳಮ್ಮ ಪುಸ್ತಕದಲ್ಲಿ ಮೂವತ್ತೆಂಟು ಎಂದು ಬರೆದರು. ಪ್ರಿಯಾಂಕ ಅದನ್ನು ನೋಡಿದಳು. ರವಿಕೆ ಸಡಿಲ ಮಾಡಿದ ಹಾಗೆ ಬೆಲ್ಟು ಸಡಿಲಿಸಿ ಒಳಗೆ ಹತ್ತಿ ಇಟ್ಟರೆ ಸರಿಹೋದೀತೆಂದು ಹೊಂಬಾಳಮ್ಮ ನಂಬಿದ್ದರು.

ಸರಿಹೋಗಲಿಲ್ಲ. ಮೂರನೇ ವಾರ ಕಾಲುಚೀಲ ತೆಗೆದರೆ ರಕ್ತ. ಮೂಳೆಯ ಮೇಲಿನ ಚರ್ಮ ಕಿತ್ತುಬಂದಿತ್ತು. "ನೋಯ್ತದೆ ಅಂತ ಯಾಕವ್ವ ಏಳ್ನಿಲ್ಲ ಅಂದೆ. 'ಏಳಿದ್ರೆ ನೀನು ಬಿಚ್ಬುಡ್ತಿದ್ದೆ ಕಣತ್ತೆ' ಅಂದ್ಲು. ಎದೆ ಒಡ್ದೋಯ್ತು ಸಾ."

ಎರಡು ತಿಂಗಳು ಹಾಸಿಗೆ. ಸಡಿಲಗೊಂಡಿದ್ದ ಕಾಲು ಮತ್ತೆ ಬಿಗಿಯಿತು. ಹೊಂಬಾಳಮ್ಮ ತಾವೇ ಸಿದ್ದೇಶ್ ಮುಂದೆ ತಪ್ಪೊಪ್ಪಿಕೊಂಡರು, ನಾಗರತ್ನರ ಕಾಲಿಗೆ ಬಿದ್ದರು. ಕೇಳುತ್ತಾ ಕೂತ ನನಗೂ ಅವರ ಮೇಲೆ ಸಿಟ್ಟು ಬಂತು, ಮುಚ್ಚಿಡುವುದೇನು? ಕೆಲಸ ಮಾತ್ರ ಹೋಗಲಿಲ್ಲ. "ಇವರನ್ನು ತೆಗೆದರೆ ಉಳಿದ ಎಂಟು ಮಕ್ಕಳಿಗೆ ಕಟ್ಟೋರು ಯಾರು?" ಎನ್ನುತ್ತಾರೆ ಸಿದ್ದೇಶ್.

ಗಾಯ ಮಾಗಿ ಪ್ರಿಯಾಂಕ ಇವತ್ತು ಬಂದಿದ್ದಾಳೆ. ಬೆಂಚಿನ ಮೇಲೆ ಕೂತು ಮೋಟರು ಕಾಲನ್ನೇ ನೋಡುತ್ತಾಳೆ. ಹೊಂಬಾಳಮ್ಮ ಟೇಪು ಹಿಡಿಯುತ್ತಾರೆ. ಮೂವತ್ತೊಂಬತ್ತೂವರೆ.

"ಮೂವತ್ತೆಂಟು ಅಂತ ಬರ್ಕೊ ಅತ್ತೆ. ಈ ಸಲ ನೋವಾದ್ರೆ ಏಳ್ತೀನಿ. ನಮ್ಮವ್ವನಾಣೆ."

"ಇಲ್ಲ ಕಣವ್ವ."

"ಒಂದೇ ಒಂದ್ ಸಲ ಅತ್ತೆ."

"ಆಗಾಕಿಲ್ಲ ನನ್ ತಾಯಿ."

ಇದ್ದದ್ದನ್ನೇ ಬರೆಯುತ್ತಾರೆ. ಪ್ರಿಯಾಂಕ ಗೋಡೆಯತ್ತ ಮುಖ ತಿರುಗಿಸುತ್ತಾಳೆ. ನಾಗರತ್ನ ಮಗಳನ್ನು ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಡುತ್ತಾರೆ. ಹೊಂಬಾಳಮ್ಮ ಬಾಗಿಲವರೆಗೆ ಹೋಗಿ ನಿಲ್ಲುತ್ತಾರೆ.

"ಸುಳ್ ಬರ್ದಾಗ ಕತ್ತು ತಬ್ಕಂಡು ಮುತ್ ಕೊಟ್ಟಿದ್ಲು ಸಾ. ನಿಜ ಬರ್ದೆ, ಮೊಕಾನೂ ನೋಡ್ನಿಲ್ಲ."

ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮುಂದಿನ ಮಗುವಿನ ಬೆಲ್ಟಿಗೆ ಕೈ ಹಾಕುತ್ತಾರೆ.

"ದೊಡ್ ಅಳ್ತೇದು ಬಂದ್ರೆ ಮೊದ್ಲು ಅವ್ಳಿಗೇ ಕಟ್ಬೇಕು. ನನ್ನ ಬೈಕಂಡೇ ಕಟ್ಟಿಸ್ಕಳ್ಳಿ, ಬ್ಯಾಡ ಅನ್ನಾಕಿಲ್ಲ."