ಬೆರಳ ಸಂದಿಯ ಎಣ್ಣೆ

ನನ್ನ ಮೊಮ್ಮಗಳು ಭವ್ಯಳ ಅಣು ನೀರಿನೊಳಗೇ ಹಿಡಿಯಿತು! ಇವತ್ತು ಬೆಳಿಗ್ಗೆ ಮೈಸೂರಿನಿಂದ ಅವಳೇ ಫೋನು ಮಾಡಿದಳು. ನಾನು ಹಲಸಿನಹಣ್ಣು ಕೊಯ್ಯಲು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡಿದ್ದೆ. ಫೋನು ಎರಡು ಸಲ ಜಾರಿ ಬಿತ್ತು.

ಏನನ್ನು ಹಿಡಿಯಿತು ಎನ್ನುತ್ತೀರಾ? ನಾನು ಓದಿದ್ದು ಮೂರನೇ ಕ್ಲಾಸು, ತಿಳಿದಷ್ಟು ಹೇಳುತ್ತೇನೆ. ಗದ್ದೆಗೆ, ಕಾಫಿ ತೋಟಕ್ಕೆ ಹಾಕಿದ ಗೊಬ್ಬರದ ಫಾಸ್ಫೇಟು ಮಳೆಗೆ ತೊಳೆದು ಕೆರೆ ಸೇರಿ ನೀರು ಕೆಡಿಸುತ್ತದಲ್ಲ, ಆ ಕಣವನ್ನು ಮಾತ್ರ ಗುರುತಿಸಿ ಅಪ್ಪಿಕೊಳ್ಳುವ ಅಣುವನ್ನು ಇವಳು ಅಲ್ಲಿನ ಲ್ಯಾಬಿನಲ್ಲಿ ಕಟ್ಟುತ್ತಾಳೆ. ಬಟ್ಟಲಿನಂಥದ್ದಂತೆ. ಕಣ್ಣು ಮುಚ್ಚಿದರೆ ನನಗೆ ಅದು ನೀರಿನಲ್ಲಿ ತೇಲುವ ಪುಟ್ಟ ಅಂಗೈಯಾಗಿ ಕಾಣುತ್ತದೆ.

ಬೇರೆ ದ್ರವದಲ್ಲಿ ಹಿಡಿಯುತ್ತಿತ್ತು, ನೀರಿಗೆ ಬಿಟ್ಟರೆ ಬರಿಗೈ. ನಾಲ್ಕು ವರ್ಷ ಹೀಗೆಯೇ. ಇನ್ನೊಂದೇ ಸಲ ನೋಡು, ಆಗದಿದ್ದರೆ ಇದನ್ನು ಬಿಡು ಎಂದರಂತೆ ಅವಳ ಮೇಷ್ಟ್ರು. ಹೋದ ಹಲಸಿನ ಕಾಲಕ್ಕೆ ಬಂದವಳು, ತೊಳೆ ಬಿಡಿಸುತ್ತಿದ್ದ ನನ್ನ ಪಕ್ಕ ಕೂತು ಅತ್ತಳು.

“ನೀರೇ ಫಾಸ್ಫೇಟಿನ ಮೈಗೆಲ್ಲ ಅಂಟ್ಕಂಡಿರ್ತದಜ್ಜಿ. ನನ್ನ ಅಣುವಿನ ಒಳಕ್ಕೂ ನುಗ್ಗಿ ಕೂತ್ಕತದೆ. ಇನ್ನೆಲ್ಲಿ ಹಿಡಿಯೋದು?”

ನನಗೆ ಆರು ವರ್ಷದ ಭವ್ಯ ನೆನಪಾದಳು. ನನ್ನನ್ನು ನೋಡಿ ತಾನೂ ಅಂಗೈಗೆ ಎಣ್ಣೆ ಬಳಿದು ಹಲಸಿಗೆ ಕೈ ಹಾಕಿದ್ದಳು. ಬೆರಳ ಸಂದಿ ಮರೆತಿದ್ದಳು. ಅಂಟು ಹತ್ತಿ ಐದು ಬೆರಳೂ ಒಂದಾಗಿ, ಒಂದು ತೊಳೆಯನ್ನೂ ಕೀಳಲಾಗದೆ ಬೀದಿಗೆಲ್ಲ ಕೇಳುವಂತೆ ಕಿರುಚಿದ್ದಳು. ನಗಿಸೋಣವೆಂದು ಕೇಳಿದೆ:

“ನಿನ್ನ ಅಣೂಗೆ ಸಂದಿಗೆ ಎಣ್ಣೆ ಹಚ್ಚಿದ್ಯೇನೇ?”

ಅವಳು ನಗಲಿಲ್ಲ. ಅಳುವುದನ್ನೂ ನಿಲ್ಲಿಸಿ ಎಣ್ಣೆ ಹಚ್ಚಿದ ನನ್ನ ಕೈಯನ್ನೇ ನೋಡುತ್ತ ಕೂತಳು.

ಇವತ್ತು ಫೋನಿನಲ್ಲಿ ಕೂಗಿದಳು: “ಹಚ್ಚಿದೆ ಕಣಜ್ಜಿ! ಒಳಗೋಡೆಗೆ ಎಣ್ಣೆ ಗುಣದ ತುಂಡು ಜೋಡ್ಸಿದೆ. ನೀರು ನಿಲ್ಲಲಿಲ್ಲ, ಫಾಸ್ಫೇಟು ಬಂದು ಕೂತ್ಕಂತು!”

“ಅವ್ವ, ಸಂತೇಲಿ ನಾನೇ ಕಂಡುಹಿಡ್ದೆ ಅಂತ ಹೇಳ್ಬೇಡ,” ಎಂದ ಮಗ. ಅಷ್ಟರಲ್ಲಿ ನಾನು ಶನಿವಾರಸಂತೆಯ ತರಕಾರಿ ಸಾಲಿನವರಿಗೆಲ್ಲ ಹೇಳಿ ಬಂದಾಗಿತ್ತು.

ಹಲಸನ್ನು ಕೊಯ್ಯದೆ ಅವಳಿಗಾಗಿ ಇಟ್ಟೆ. ಸಂಜೆ ಬಸ್ಸಿಗೆ ಬಂದಳು. ಮಗ, ಸೊಸೆ, ಭವ್ಯ, ನಾನು, ಎಲ್ಲರೂ ಒಟ್ಟಿಗೆ ಅಕ್ಕಿ ರೊಟ್ಟಿ, ಕೋಳಿ ಸಾರಿಗೆ ಕೂತೆವು. ನೀರಿನ ಲೋಟ ಎತ್ತಿದವಳು ಹಾಗೇ ನೋಡುತ್ತ ಉಳಿದೆ; ಇಷ್ಟು ದಿನ ನನಗದು ಬರೀ ನೀರಾಗಿತ್ತು.

“ಕುಡಿಯಜ್ಜಿ, ಅದ್ರಲ್ಲಿ ನನ್ನ ಅಣು ಇಲ್ಲ,” ಎಂದು ನಕ್ಕು ಭವ್ಯ ಎಣ್ಣೆ ಬಟ್ಟಲು ಎಳೆದುಕೊಂಡಳು. ಸಂದಿಸಂದಿಗೂ ಹಚ್ಚಿ ಹಲಸಿಗೆ ಕೈ ಹಾಕಿದಳು. ಮೊದಲ ತೊಳೆ ನನ್ನ ತಟ್ಟೆಗೆ ಬಂತು.