ಇಣಿ ಇಲ್ಲದ ಆಕಳು

ಬಾಣಂತನ ಮುಗಿಸಿ, ಮೂರು ತಿಂಗಳ ಮಗಳನ್ನು ಎತ್ತಿಕೊಂಡು ನವಲಗುಂದ ಸೀಮೆಯ ಗಂಡನ ಮನೆಗೆ ಮರಳಿದಾಗ ನನ್ನ ಹಿಂದೆ ಒಂದು ಜರ್ಸಿ ಆಕಳೂ ಬಂತು. ಧಾರವಾಡದ ಒಂದು ಡೇರಿಯಲ್ಲಿ ಗುಮಾಸ್ತನಾಗಿದ್ದ ಅಪ್ಪ, ಮೊಮ್ಮಗಳು ಹಾಲುಂಡು ಬೆಳೆಯಲಿ ಎಂದು ಕಳಿಸಿದ್ದ. ಎಪ್ಪತ್ತರ ದಶಕದ ನಡುವಿನ ಮಾತು. ಊರಿಗೆ ಅದೇ ಮೊದಲ ಜರ್ಸಿ. ಜನ ಮೊದಲು ಆಕಳನ್ನು ನೋಡಿದರು, ಆಮೇಲೆ ನೆನಪಾದವರು ಕೂಸನ್ನು ನೋಡಿದರು.

ನಮ್ಮ ಕಡೆ ದನಗಳು ಮನೆಯೊಳಗೇ ಇರುತ್ತವೆ. ಆಕಳು, ಎತ್ತು ತಲೆಬಾಗಿಲಿನಿಂದಲೇ ಬಂದು ತಗ್ಗಿನ ಅಂಕಣದಲ್ಲಿ ನಿಲ್ಲುತ್ತವೆ, ಎತ್ತರದ ಪಡಸಾಲೆಯಲ್ಲಿ ಮನುಷ್ಯರು. ನಮ್ಮ ಮನೆಯಲ್ಲಿ ಎಮ್ಮೆಗಳಿಗೆ ಮಾತ್ರ ಹಿತ್ತಲು. ಹೀಗಾಗಿ ಬಂದ ಪ್ರಾಣಿ ಯಾವುದು ಎಂಬುದು ಹೊಸ್ತಿಲಲ್ಲೇ ತೀರ್ಮಾನವಾಗಬೇಕಿತ್ತು. ಅತ್ತೆ ಅದರ ಭುಜದ ಮೇಲೆ ಕೈಯಾಡಿಸಿದರು. ನಮ್ಮ ಜವಾರಿ ಆಕಳಿಗೆ ಅಲ್ಲಿ ಗುಡ್ಡೆಯಂಥ ಇಣಿ ಇರುತ್ತದೆ. ಇದರ ಬೆನ್ನು ಹಲಗೆಯ ಹಾಗೆ ನೆಟ್ಟಗಿತ್ತು. ಕೊರಳ ಕೆಳಗೆ ಜೋಲಬೇಕಾದ ಗಂಗೆದೊಗಲೂ ಹೆಸರಿಗಷ್ಟೇ.

"ಇದು ಎಮ್ಮಿ," ಎಂದರು ಅತ್ತೆ. "ಬಣ್ಣ ಅಷ್ಟ ಬ್ಯಾರೆ."

ನಾನು ಪ್ರಾಣಿಶಾಸ್ತ್ರ ಓದುತ್ತ ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಮದುವೆಯಾದವಳು. ಅರ್ಧ ಓದಿದವಳಿಗೆ ಎಷ್ಟು ಸೊಕ್ಕು ಇರಬೇಕೋ ಅಷ್ಟೂ ಇತ್ತು. ಪಡಸಾಲೆಯಲ್ಲಿ ನಿಂತು ಬೆನ್ನೆಲುಬಿನಿಂದ ಶುರು ಮಾಡಿ, ಸೀಳಿದ ಗೊರಸು, ಮೆಲುಕು, ಟೊಳ್ಳು ಕೊಂಬು ಎಲ್ಲ ದಾಟಿ, ಆಕಳು, ಎಮ್ಮೆ, ನಮ್ಮ ಹೊಲದ ಕಡಲೆ ಮೇಯುವ ತಿರುಚು ಕೊಂಬಿನ ಚಿಗರಿ ಎಲ್ಲ ಒಂದೇ ಕುಟುಂಬ, ಆದರೆ ಒಳಗೆ ಕವಲು ಬೇರೆ, ಇದು ಆಕಳ ಕವಲಿನದೇ ಎಂದು ಬಿಡಿಸಿ ಹೇಳಿದೆ. ಚಿಗರಿಯೂ ಎಮ್ಮೆಯೂ ಬಂಧುಗಳೆಂದು ಕೇಳಿ ಮಾವನಿಗೆ ತಂಬಾಕು ಗಂಟಲಲ್ಲಿ ಸಿಕ್ಕಿ ಕೆಮ್ಮು ಹತ್ತಿತು.

ಇದರ ಹಾಲು ಲಿಂಗಪೂಜೆಗೆ ನಡೆಯುತ್ತದೋ ಇಲ್ಲವೋ ಎಂದು ಮಠದ ಅಯ್ಯನವರನ್ನು ಕೇಳಿದ್ದಾಯಿತು. ಅವರು ಒಂದು ತಂಬಿಗೆ ಕುಡಿದು, ವಿಚಾರ ಮಾಡಬೇಕು ಎಂದರು. ಮರುದಿನ ಇನ್ನೊಂದು ತಂಬಿಗೆ ಕುಡಿದು ಮತ್ತೆ ವಿಚಾರ ಮಾಡಿದರು. ಹೀಗೆ ವಾರಗಟ್ಟಲೆ ವಿಚಾರ ನಡೆಯಿತೇ ಹೊರತು ತೀರ್ಪು ಹೊರಬೀಳಲಿಲ್ಲ. ಅಷ್ಟರಲ್ಲಿ ನಾನು ಹಟ ಹಿಡಿದು, ಜಗಳ ಮಾಡಿ, ಜರ್ಸಿಯನ್ನು ಒಳಗಿನ ಅಂಕಣದಲ್ಲೇ ಕಟ್ಟಿದ್ದೆ. ಅತ್ತೆ ಅದರ ಹಾಲನ್ನು ದೇವರ ಕೋಣೆಗೆ ಮಾತ್ರ ಬಿಡಲಿಲ್ಲ.

ಬೇಸಿಗೆ ಬಂತು. ಎರೆಹೊಲ ಕಾಲು ತೂರುವಷ್ಟು ಬಿರುಕು ಬಿಟ್ಟಿತು. ಜರ್ಸಿ ನಾಲಿಗೆ ಹೊರಚಾಚಿ ನಾಯಿಯ ಹಾಗೆ ತೇಕತೊಡಗಿತು. ಹಾಲು ಇಳಿಯಿತು, ಮೇವು ಮುಟ್ಟಲಿಲ್ಲ. ಬಾಜೂಕೆ ಕಟ್ಟಿದ್ದ ಜವಾರಿ ಆಕಳು ಸಣ್ಣ ಕೂದಲು, ಸಡಿಲ ತೊಗಲು ಹೊತ್ತುಕೊಂಡು ಅದೇ ಸೆಕೆಯಲ್ಲಿ ಆರಾಮವಾಗಿ ಮೆಲುಕು ಹಾಕುತ್ತಿತ್ತು. ಮರುಭೂಮಿಯಲ್ಲಿ ಒಂಟೆ ಹೇಗೆ ಬದುಕುತ್ತದೆ, ಹಿಮದಲ್ಲಿ ಬಿಳಿ ಕರಡಿ ಹೇಗೆ ಬದುಕುತ್ತದೆ ಎಂದು ಪುಟಗಟ್ಟಲೆ ಬರೆದು ಪಾಸಾದವಳು ನಾನು. ಜರ್ಸಿ ನಮ್ಮೂರಲ್ಲಿ ಹೇಗೆ ಬದುಕಬೇಕು ಎಂದು ಯಾವ ಪುಸ್ತಕದವನೂ ಬರೆದಿರಲಿಲ್ಲ, ಅವನ ಮನೆ ಹಾಳಾಗ.

ನನಗೆ ಹೆದರಿಕೆ ಹತ್ತಿತು. ಇದು ಸತ್ತರೆ, ತವರಿನವರು ಸಾಯುವ ದನ ಕೊಟ್ಟು ಕೈತೊಳೆದುಕೊಂಡರು ಎಂದು ಊರು ಆಡಿಕೊಳ್ಳುತ್ತದೆ, ಅಪ್ಪ ಈ ಮನೆಗೆ ಮತ್ತೆ ತಲೆಯೆತ್ತಿ ಬರಲಾರ. ಎಮ್ಮೆಗಳ ಕೂಡ ಹಳ್ಳದ ಮಡುವಿಗೆ ಬಿಡು ಎಂದು ಅತ್ತೆ ಮೂರು ಸಲ ಹೇಳಿದರು. ನನಗೆ ಅದು ಚುಚ್ಚುಮಾತಾಗಿ ಕೇಳಿಸಿತು. ನನ್ನ ತವರಿನ ಆಕಳು ಎಮ್ಮೆಗಳ ಜೊತೆ ಕೆಸರಲ್ಲಿ ಹೊರಳಬೇಕೇ? ಮೂರು ಸಲವೂ ಆಗುವುದಿಲ್ಲ ಎಂದೆ.

ಒಂದು ಮಧ್ಯಾಹ್ನ ಆಕಳು ಮೊಣಕಾಲೂರಿತು. ನಾನು ಮಗಳಿಗೆ ಹಾಲು ಕುಡಿಸಿ, ಮಲಗಿಸಿ ಬರುವಷ್ಟರಲ್ಲಿ ಗೂಟ ಖಾಲಿ. ಹಳ್ಳದತ್ತ ಬರಿಗಾಲಲ್ಲಿ ಓಡಿದೆ. ಮಡುವಿನಲ್ಲಿ ಕರಿ ತಲೆಗಳ ನಡುವೆ ಒಂದು ಕಂದು ತಲೆ. ಅರವತ್ತು ದಾಟಿದ ಅತ್ತೆ ಸೀರೆ ಎತ್ತಿ ಕಟ್ಟಿ, ನೀರಿನಲ್ಲಿ ನಿಂತು, ತಂಬಿಗೆಯಿಂದ ಅದರ ನೆತ್ತಿಗೆ ನೀರು ಹೊಯ್ಯುತ್ತಿದ್ದರು. ನಾನು ದಂಡೆಯಲ್ಲಿ ನಿಂತು ಬಾಯಿಗೆ ಬಂದದ್ದು ಅಂದೆ. ಬೇಕಂತಲೇ ನನ್ನ ತವರಿನ ಮಾನ ಕಳೆಯುತ್ತಿದ್ದೀರಿ ಎಂದೆ.

ಅತ್ತೆ ತಿರುಗಿ ನೋಡಿದರು. "ಮಾನ ಆಮ್ಯಾಲ ತೊಳಕೊಳ್ಳೂಣು ಯವ್ವಾ. ಮೊದಲ ಇದರ ಜೀವ ಉಳೀಲಿ."

ಸಂಜೆಗೆ ಅದು ಎದ್ದು ಮೇವಿಗೆ ಬಾಯಿ ಹಾಕಿತು. ಮರುದಿನದಿಂದ ಎಮ್ಮೆಗಳ ಸಾಲಿನಲ್ಲೇ ಅದರ ಹೋಗಿಬರುವಿಕೆ. ಅತ್ತೆಯೊಡನೆ ನಾನು ಹದಿನೈದು ದಿನ ಸರಿಯಾಗಿ ಮಾತಾಡಲಿಲ್ಲ. ತಪ್ಪು ನನ್ನದೆಂದು ಗೊತ್ತಿದ್ದುದಕ್ಕೇ ಸಿಟ್ಟು ಹೆಚ್ಚಾಗಿತ್ತು.

ಹದಿನಾರನೇ ದಿನ ಅಪ್ಪ ಹೇಳದೆ ಕೇಳದೆ ಬಂದ. ಅವನು ಪಡಸಾಲೆಯಲ್ಲಿ ಕೂತು ಚಹಾ ಕುಡಿಯುವ ಹೊತ್ತಿಗೆ ಜರ್ಸಿ ಹೊಟ್ಟೆತನಕ ಕೆಸರು ಮೆತ್ತಿಕೊಂಡು ಎಮ್ಮೆಗಳ ಹಿಂದೆ ಬಂತು. ನಾನು ಒಳಗಿನ ಬಾಗಿಲಿಗೆ ಸರಿದು ನಿಂತೆ. ಅಪ್ಪ ಎದ್ದು ಹೋಗಿ ಅದರ ಮೈ ಮುಟ್ಟಿ ನೋಡಿ ಉಸಿರುಬಿಟ್ಟ. ಡೇರಿಯಲ್ಲಿ ಬೇಸಿಗೆಗೆ ಇವಕ್ಕೆ ದಿನಕ್ಕೆ ಮೂರು ಸಲ ಮೈಮೇಲೆ ನೀರು ಹೊಯ್ಯುತ್ತಾರಂತೆ. ಮಗಳಿಗೆ ಅದನ್ನು ಹೇಳುವುದನ್ನೇ ಮರೆತಿದ್ದನಂತೆ. ಅದು ನೆನಪಾಗಿ, ಆಕಳು ಸತ್ತೇಹೋಗಿರಬೇಕೆಂದು ಹೆದರಿ ಸಿಕ್ಕ ಬಸ್ಸು ಹತ್ತಿದ್ದ. ನೀರಿಗೆ ಬಿಡುವುದು ಯಾರಿಗೆ ಹೊಳೆಯಿತು ಎಂದು ಬೀಗಿತ್ತಿಯನ್ನು ಕೇಳಿದ.

"ನಿಮ್ಮ ಮಗಳಿಗೇ ಹೊಳೀತ್ರಿ," ಎಂದರು ಅತ್ತೆ. "ಕಲತ ಹುಡುಗಿ. ನಾವು ಬ್ಯಾಡ ಅಂದ್ರೂ ತಾನ ಒಯ್ದು ಬಿಟ್ಟಳು. ನಮಗೇನ ಗೊತ್ತಿತ್ತ್ರಿ?"

ಅಪ್ಪನ ಮುಖ ಅರಳಿತು. ಅತ್ತೆ ನನ್ನ ಕಡೆ ನೋಡಲಿಲ್ಲ, ಬುಟ್ಟಿ ಎತ್ತಿಕೊಂಡು ಹಿಟ್ಟು ಸಾಣಿಸಲು ಒಳಗೆ ನಡೆದರು. ಅಲ್ಲ ಎಂದು ಆಗಲೇ ಹೇಳಬೇಕಿತ್ತು. ಸೆರಗು ಬಾಯಿಗೊತ್ತಿಕೊಂಡು ಬಾಗಿಲ ಮರೆಯಲ್ಲಿ ಅಳುತ್ತ ನಿಂತೆನೇ ವಿನಾ, ಅಪ್ಪ ಬದುಕಿರುವತನಕ ಹೇಳಲಿಲ್ಲ.